‘ಯೆಸ್ಟರ್ಡೇ’ ಬಂದರೆ ‘ಹ್ಯಾವ್’ ಬಿಡಿ

ಮಂಡ್ಯದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರು. ಸಿಂಪಲ್ ಪಾಸ್ಟ್ (‘ಪೇಯ್ಡ್’), ಪ್ರೆಸೆಂಟ್ ಪರ್ಫೆಕ್ಟ್ (‘ಹ್ಯಾವ್ ಪೇಯ್ಡ್’) ಎಂದರೇನು ಎಂದು ಕೇಳಿದರೆ ಪಟಪಟನೆ ಒಪ್ಪಿಸುತ್ತಾರೆ. ಪತ್ರ ಬರೆಯಲು ಕೂರಿಸಿದರೆ ‘ಐ ಹ್ಯಾವ್ ಪೇಯ್ಡ್ ದ ಫೀಸ್ ಯೆಸ್ಟರ್ಡೇ’ ಎಂದು ಬರೆಯುತ್ತಾರೆ.

ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ‘ನಿನ್ನೆಯೇ ಫೀಸು ಕಟ್ಟಿದ್ದೇನೆ’ ಎಂದರೆ ಕನ್ನಡದಲ್ಲಿ ಯಾವ ತಕರಾರೂ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ಹ್ಯಾವ್ ಪೇಯ್ಡ್’ಗೂ ‘ಯೆಸ್ಟರ್ಡೇ’ಗೂ ಆಗಿಬರುವುದಿಲ್ಲ. ಆದ್ದರಿಂದ ವಾಕ್ಯದಲ್ಲಿ ‘ಯಾವಾಗ’ ಎಂಬುದಕ್ಕೆ ಉತ್ತರವಿದೆಯೇ ಎಂದು ಮೊದಲು ನೋಡಿ. ಯೆಸ್ಟರ್ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಯಾವುದೋ ಇಸವಿ, ಇವುಗಳಲ್ಲಿ ಒಂದಿದ್ದರೂ ಸಿಂಪಲ್ ಪಾಸ್ಟ್: ‘ಮಂಡ್ಯ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1939.’ ‘ವೆನ್’ ಎಂದು ಕೇಳುವ ಪ್ರಶ್ನೆಗೂ ಇದೇ ಕಟ್ಟಳೆ. ಇಸವಿ ಹೇಳದಿದ್ದರೂ ವಿಶ್ವೇಶ್ವರಯ್ಯನವರ ದಿವಾನಗಿರಿ ಮುಗಿದ ಕಾಲದ್ದು, ಅಲ್ಲಿಯೂ ‘ಸರ್ವ್ಡ್’ ಸಾಕು.

ಕಾಲ ಹೇಳದೆ, ನಡೆದದ್ದರಿಂದ ಈಗ ಏನಾಗಿದೆ ಎಂಬುದೇ ಮುಖ್ಯವಾದಾಗ ‘ಹ್ಯಾವ್’ ಬೇಕು. ‘ದ ಬಸ್ ಹ್ಯಾಸ್ ಲೆಫ್ಟ್’ ಎಂದರೆ ನಿಲ್ದಾಣದಲ್ಲಿ ಈಗ ಬಸ್ಸಿಲ್ಲ. ಎಷ್ಟು ಹೊತ್ತಾಯಿತು ಎಂದು ಕೇಳಿದ ಕೂಡಲೇ ‘ಇಟ್ ಲೆಫ್ಟ್ ಟೆನ್ ಮಿನಿಟ್ಸ್ ಅಗೋ’ ಆಗುತ್ತದೆ. ಸುದ್ದಿ ಶುರುವಾಗುವುದು ‘ಹ್ಯಾವ್’ನಿಂದ, ವಿವರಕ್ಕೆ ಇಳಿದರೆ ಸಿಂಪಲ್ ಪಾಸ್ಟ್. ಸಂದರ್ಶನದಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ‘ಹ್ಯಾವ್ ಯು ವರ್ಕ್ಡ್ ಇನ್ ಎ ಶಾಪ್?’ ಎಂದು ಅವರು ಕೇಳುತ್ತಾರೆ. ‘ಯೆಸ್, ಐ ಹ್ಯಾವ್. ಐ ವರ್ಕ್ಡ್ ಇನ್ ಎ ಸ್ಯಾರಿ ಶಾಪ್ ಇನ್ ಮೈಸೂರು ಲಾಸ್ಟ್ ಇಯರ್’ ಎಂದು ನೀವು ಹೇಳುತ್ತೀರಿ. ಒಂದೇ ಉಸಿರಿನಲ್ಲಿ ಎರಡೂ ಬಂದವು. ಇದನ್ನು ಬಾಯಿಪಾಠ ಮಾಡಿದರೂ ನನ್ನ ಅಭ್ಯಂತರವಿಲ್ಲ.

‘ಫಾರ್’ ಇರುವಲ್ಲಿ ಎಚ್ಚರ. ‘ಐ ಲಿವ್ಡ್ ಇನ್ ಮೈಸೂರು ಫಾರ್ ಫೈವ್ ಇಯರ್ಸ್’ ಎಂದವನು ಸಾಮಾನ್ಯವಾಗಿ ಮೈಸೂರು ಬಿಟ್ಟಿದ್ದಾನೆ; ‘ಹ್ಯಾವ್ ಲಿವ್ಡ್’ ಎಂದವನು ಇನ್ನೂ ಅಲ್ಲೇ ಇದ್ದಾನೆ. ‘2019ರಿಂದ ಇಲ್ಲಿದ್ದೇನೆ’ ಎಂಬುದನ್ನು ‘ಐ ಆಮ್ ಹಿಯರ್ ಸಿನ್ಸ್ 2019’ ಎಂದು ಬರೆಯುವವರು ನಮ್ಮಲ್ಲಿ ಬಹಳ. ಅಲ್ಲಿ ‘ಹ್ಯಾವ್ ಬೀನ್’ ಬೇಕು. ಹಾಗೆಯೇ, ಅಪ್ಪ ‘ಹ್ಯಾಸ್ ಗಾನ್ ಟು ಮೈಸೂರು’ ಎಂದರೆ ಇನ್ನೂ ಮನೆಗೆ ಬಂದಿಲ್ಲ. ‘ಹ್ಯಾಸ್ ಬೀನ್’ ಎಂದರೆ ಹೋಗಿ ಬಂದವರು.

ಅಮೆರಿಕದವರು ‘ಹ್ಯಾವ್’ ಬಿಟ್ಟು ‘ಡಿಡ್ ಯು ಈಟ್ ಯೆಟ್?’ ಎನ್ನುತ್ತಾರಲ್ಲ ಎಂದು ಸಿನಿಮಾ ನೋಡುವ ಹುಡುಗರು ವಾದಕ್ಕಿಳಿಯುತ್ತಾರೆ. ಎನ್ನುತ್ತಾರೆ, ನಿಜ. ‘ಯೆಸ್ಟರ್ಡೇ’ ಜೊತೆ ‘ಹ್ಯಾವ್’ ಅನ್ನು ಅವರೂ ಸೇರಿಸುವುದಿಲ್ಲ.

ಅರ್ಜಿ ಕಳುಹಿಸುವ ಮೊದಲು ಪ್ರತಿ ‘ಹ್ಯಾವ್’, ‘ಹ್ಯಾಸ್’ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅದೇ ವಾಕ್ಯದಲ್ಲಿ ದಿನಾಂಕವೋ ‘ಅಗೋ’ವೋ ಕಂಡರೆ ಗೆರೆ ಎಳೆದದ್ದನ್ನು ಹೊಡೆದುಹಾಕಿ, ಕ್ರಿಯಾಪದವನ್ನು ಸಿಂಪಲ್ ಪಾಸ್ಟ್‌ಗೆ ತಿರುಗಿಸಿ. ಎದುರಿಗೆ ‘ಸಿನ್ಸ್’ ಇದ್ದರೆ ಮಾತ್ರ ಮುಟ್ಟಬೇಡಿ.