ದಾವಣಗೆರೆಯಿಂದ ಆಲ್ಪ್ಸ್‌ಗೆ: ಐದು ದಿನದ ಸ್ಕೀ ಟೂರಿಂಗ್ ಯೋಜಿಸುವುದು ಹೇಗೆ?

ಲಿಫ್ಟ್ ಇಲ್ಲದ, ಯಂತ್ರದಿಂದ ಹಿಮ ಹದ ಮಾಡದ, ಕಾವಲುಗಾರರೂ ಇಲ್ಲದ ಬೆಟ್ಟವನ್ನು ಸ್ವಂತ ಕಾಲಿನಿಂದ ಹತ್ತಿ, ಅಲ್ಲಿಂದ ಸ್ಕೀ ಮೇಲೆ ಇಳಿಯುವುದೇ ಬ್ಯಾಕ್‌ಕಂಟ್ರಿ ಸ್ಕೀಯಿಂಗ್. ಯುರೋಪಿನಲ್ಲಿ ಇದನ್ನು ಸ್ಕೀ ಟೂರಿಂಗ್ ಎನ್ನುತ್ತಾರೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೊರಡುವವರಿಗೆ ಹಣಕ್ಕಿಂತ ದೊಡ್ಡ ಸಮಸ್ಯೆ ರಜೆಯದು. ಒಂಬತ್ತು ದಿನ ರಜೆ ಸಿಕ್ಕರೆ ಹೋಗಿ ಬರುವುದಕ್ಕೇ ನಾಲ್ಕು ದಿನ ಹೋಗುತ್ತದೆ, ಹಿಮದ ಮೇಲೆ ಉಳಿಯುವುದು ಐದೇ ದಿನ. ಅಪಾಯ ಹುಟ್ಟುವುದೂ ಇಲ್ಲೇ. ಇಷ್ಟು ದೂರ ಬಂದಿದ್ದೇವೆ, ನಾಳೆ ಬಿಟ್ಟರೆ ಮತ್ತೆ ದಿನವಿಲ್ಲ ಎಂಬ ಒತ್ತಡಕ್ಕೆ ಸಿಕ್ಕವರು ಹೋಗಬಾರದ ದಿನ ಹೋಗಬಾರದ ಇಳಿಜಾರಿಗೆ ಹೋಗುತ್ತಾರೆ. ಆದ್ದರಿಂದ ಐದರಲ್ಲಿ ಎರಡು ದಿನ ಬೆಟ್ಟ ಹತ್ತದಿದ್ದರೂ ಪ್ರವಾಸ ಕೆಡಬಾರದು. ಕೆಳಗಿನ ಯೋಜನೆಯೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ಮೊದಲು ಸ್ಕೀ ಬರಬೇಕು

ಇದು ಹೊಸಬರ ಪ್ರವಾಸವಲ್ಲ. ಹದ ಮಾಡಿದ ಮಧ್ಯಮ ಇಳಿಜಾರಿನಲ್ಲಿ ಬೀಳದೆ ಇಳಿಯುವುದು ಸಾಲದು. ಒಡೆದ, ಗಂಟುಗಂಟಾದ, ಮೇಲ್ಪದರ ಗಟ್ಟಿಯಾದ ಹಿಮದಲ್ಲೂ ಬೇಕೆಂದ ಕಡೆ ತಿರುಗಿ ನಿಲ್ಲಲು ಬರಬೇಕು. ಅಷ್ಟು ಕಲಿಯಲು ಹಿಂದಿನ ಚಳಿಗಾಲವನ್ನು ಮೀಸಲಿಡಿ. ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಸೋಲಂಗ್ ಕಣಿವೆಯಲ್ಲಿ ಸ್ಕೀ ಕೋರ್ಸ್ ನಡೆಸುತ್ತದೆ. ಆರಂಭಿಕ ಕೋರ್ಸ್ ಮುಗಿಸಿದ ಕೂಡಲೇ ಆಲ್ಪ್ಸ್‌ಗೆ ಟಿಕೆಟ್ ಮಾಡಬೇಡಿ. ಅದರ ಮುಂದಿನ ಹಂತವನ್ನೂ ಮುಗಿಸಿ.

ಊರು ಮತ್ತು ತಿಂಗಳು

ಚಿತ್ರ ನೋಡಿ ಊರು ಆರಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದಿನವೂ ನಂಬಬಹುದಾದ ಹಿಮಕುಸಿತ ಮುನ್ಸೂಚನೆ, ಅದು ಇಂಗ್ಲಿಷಿನಲ್ಲಿ ಸಿಗುವುದು, ಬೇಗ ತಲುಪುವ ರಕ್ಷಣಾ ವ್ಯವಸ್ಥೆ, ವಿಮಾನ ನಿಲ್ದಾಣದಿಂದ ಬಸ್ಸು–ರೈಲಿನಲ್ಲೇ ಬೆಟ್ಟದ ಬುಡಕ್ಕೆ ಹೋಗುವ ಅನುಕೂಲ, ಇವು ಮುಖ್ಯ. ಈ ಲೆಕ್ಕದಲ್ಲಿ ಮೊದಲ ಪ್ರವಾಸಕ್ಕೆ ಸ್ವಿಟ್ಜರ್ಲೆಂಡ್‌ನ ಡಾವೋಸ್ ಒಳ್ಳೆಯ ಆಯ್ಕೆ. ಊರು ಸುಮಾರು 1,560 ಮೀಟರ್ ಎತ್ತರದಲ್ಲಿದೆ. ದೇಶದ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಇರುವುದೂ ಇಲ್ಲೇ. ಜ್ಯೂರಿಕ್‌ನಿಂದ ಲ್ಯಾಂಡ್‌ಕ್ವಾರ್ಟ್‌ನಲ್ಲಿ ರೈಲು ಬದಲಿಸಿದರೆ ಮೂರು ಗಂಟೆಯೊಳಗೆ ತಲುಪಬಹುದು.

ಡಿಸೆಂಬರ್ ಬೇಡ. ಹಿಮ ತೆಳುವಾಗಿರುತ್ತದೆ, ಕಲ್ಲು ಅಡಗಿರುತ್ತವೆ, ಹಗಲು ಗಿಡ್ಡ. ತೆಳು ಹಿಮದ ಮೇಲೆ ಚಳಿ ಕೂತರೆ ತಳದ ಹಿಮ ಸಕ್ಕರೆ ಹರಳಿನಂತಾಗಿ ಪರಸ್ಪರ ಅಂಟುವುದನ್ನೇ ಬಿಡುತ್ತದೆ. ಡಾವೋಸ್‌ನಂಥ ಒಳನಾಡಿನ ಕಣಿವೆಗಳಲ್ಲಿ ಈ ದುರ್ಬಲ ಪದರ ವಾರಗಟ್ಟಲೆ ಉಳಿಯುವುದುಂಟು. ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳ ಕ್ರೀಡಾ ರಜೆ ಇರುವುದರಿಂದ ಕೋಣೆ ದುಬಾರಿ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಅವಧಿಯೇ ನಮ್ಮ ಸಲಹೆ.

ವೀಸಾ, ವಿಮೆ

ಸ್ವಿಟ್ಜರ್ಲೆಂಡ್‌ಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಶುಲ್ಕ 90 ಯೂರೊ, ಸೇವಾಶುಲ್ಕ ಬೇರೆ. ಬೆರಳಚ್ಚಿಗೆ ಬೆಂಗಳೂರಿಗೆ ಒಮ್ಮೆ ಖುದ್ದಾಗಿ ಹೋಗಲೇಬೇಕು. ನವೆಂಬರ್‌ನಲ್ಲೇ ಸಮಯ ಕಾಯ್ದಿರಿಸಿ.

ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವಿಮೆ ಸಾಕು. ಆದರೆ ವೀಸಾಕ್ಕೆ ಸಾಕಾದ ವಿಮೆ ಬೆಟ್ಟಕ್ಕೆ ಸಾಕಾಗುತ್ತದೆ ಎಂದಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಅನೇಕ ಪಾಲಿಸಿಗಳು ಗುರುತಿಸಿದ ಟ್ರ್ಯಾಕ್‌ನ ಹೊರಗಿನ ಸ್ಕೀಯಿಂಗ್ ಅನ್ನೇ ಹೊರಗಿಡುತ್ತವೆ. ಕೆಲವು ಮಾರ್ಗದರ್ಶಕರು ಜೊತೆಗಿದ್ದರೆ ಮಾತ್ರ ಒಪ್ಪುತ್ತವೆ, ಇನ್ನು ಕೆಲವಕ್ಕೆ ಎತ್ತರದ ಮಿತಿಯಿದೆ. ಆಸ್ಪತ್ರೆ ಖರ್ಚು ಕೊಟ್ಟರೂ ಹುಡುಕಾಟ ಮತ್ತು ಹೆಲಿಕಾಪ್ಟರ್ ಖರ್ಚನ್ನು ಕೊಡದ ಪಾಲಿಸಿಗಳೂ ಇವೆ. ‘ಮಾರ್ಗದರ್ಶಕರೊಂದಿಗೆ ಸ್ಕೀ ಟೂರಿಂಗ್, ಹುಡುಕಾಟ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ’ ಎಂದು ಇಮೇಲ್‌ನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಏಜೆಂಟರ ಬಾಯಿಮಾತಿಗೆ ಬೆಲೆಯಿಲ್ಲ.

ಮಾರ್ಗದರ್ಶಕರ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಅಂತರರಾಷ್ಟ್ರೀಯ ಪರ್ವತ ಮಾರ್ಗದರ್ಶಕರ ಒಕ್ಕೂಟದ ಐಎಫ್‌ಎಂಜಿಎ ಬ್ಯಾಡ್ಜ್ ಇರುವವರನ್ನೇ ಗೊತ್ತುಮಾಡಿಕೊಳ್ಳಿ. ದಿನಕ್ಕೆ ಸುಮಾರು 700 ಸ್ವಿಸ್ ಫ್ರಾಂಕ್ ಆಗುತ್ತದೆ. ನಾಲ್ವರು ಹಂಚಿಕೊಂಡರೆ ಭಾರವಾಗದು. ರದ್ದತಿಯ ನಿಯಮವನ್ನು ಮುಂಗಡ ಕೊಡುವ ಮೊದಲೇ ಕೇಳಿ: ಹವೆ ಕೆಟ್ಟ ದಿನ ಪೂರ್ತಿ ಹಣ ಹೋಗುತ್ತದೆಯೋ, ಸುಲಭದ ದಾರಿಗೆ ಬದಲಿಸುತ್ತಾರೋ?

ಕಾಲಿನ ತಯಾರಿ: ಹನ್ನೆರಡು ವಾರ

ಟೂರಿಂಗ್‌ನಲ್ಲಿ ದಿನಕ್ಕೆ 800ರಿಂದ 1,000 ಮೀಟರ್ ಎತ್ತರ ಏರುವುದು ಸಾಮಾನ್ಯ. ತರಬೇತಿ ಇದ್ದವರು ಗಂಟೆಗೆ 300–400 ಮೀಟರ್ ಏರುತ್ತಾರೆ. ಕೆರೆ ಏರಿಯ ಮೇಲಿನ ವಾಕಿಂಗ್ ಇದಕ್ಕೆ ಸಾಲದು. ಚಿತ್ರದುರ್ಗದವರಿಗೆ ಏಳು ಸುತ್ತಿನ ಕೋಟೆಯ ಮೆಟ್ಟಿಲು ಮತ್ತು ಜೋಗಿಮಟ್ಟಿಯ ಏರುದಾರಿ ಇವೆ. ದಾವಣಗೆರೆಯದು ಬಯಲು. ಇಲ್ಲಿನವರು ವಾರದ ದಿನಗಳಲ್ಲಿ ಎತ್ತರದ ಕಟ್ಟಡದ ಮೆಟ್ಟಿಲು ಹತ್ತಬಹುದು. ಒಂದು ಮಹಡಿಗೆ 3 ಮೀಟರ್ ಹಿಡಿದರೆ ಐದು ಮಹಡಿಯನ್ನು 40 ಸಲ ಹತ್ತಿದಾಗ 600 ಮೀಟರ್. ಭಾನುವಾರ ಹೆದ್ದಾರಿ ಹಿಡಿದು ದುರ್ಗಕ್ಕೆ ಹೋದರಾಯಿತು. ಮೊದಲ ನಾಲ್ಕು ವಾರ ಖಾಲಿ ಬೆನ್ನಿನಲ್ಲಿ, ಆಮೇಲೆ 8 ಕಿಲೋ ಚೀಲದೊಂದಿಗೆ ಹತ್ತಿ. ಮಾತಾಡುತ್ತಾ ಹತ್ತಬಹುದಾದ ವೇಗವೇ ಸರಿಯಾದ ವೇಗ.

ತೊಡೆ ಸುಡುವುದು ಇಳಿಯುವಾಗ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ವ್ಯಾಯಾಮವನ್ನು 30 ಸೆಕೆಂಡಿನಿಂದ ಶುರುಮಾಡಿ ಎರಡು ನಿಮಿಷಕ್ಕೆ ಒಯ್ಯಿರಿ.

ಸಲಕರಣೆ: ಯಾವುದು ಬಾಡಿಗೆ, ಯಾವುದು ಸ್ವಂತ

ಸ್ಕೀ, ಪಿನ್ ಬೈಂಡಿಂಗ್ (ಏರುವಾಗ ಹಿಮ್ಮಡಿ ಎತ್ತಲು ಬಿಡುವ ಬೂಟಿನ ಕೊಂಡಿ), ಸ್ಕಿನ್ ಪಟ್ಟಿ (ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ), ಗಟ್ಟಿ ಹಿಮಕ್ಕೆ ಸ್ಕೀ ಕ್ರಾಂಪಾನ್ (ಹಲ್ಲಿನ ಲೋಹದ ಪಟ್ಟಿ), ಬೀಕನ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಎಲ್ಲವನ್ನೂ ಅಲ್ಲೇ ಬಾಡಿಗೆಗೆ ಪಡೆಯಿರಿ. ಬೀಕನ್ 457 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುವ ಮೂರು ಆಂಟೆನಾದ್ದಿರಲಿ. ಪ್ರೋಬ್ 240 ಸೆಂಟಿಮೀಟರ್‌ಗೆ ಕಡಿಮೆ ಬೇಡ. ಸಲಿಕೆಯ ಅಲಗು ಲೋಹದ್ದೇ ಆಗಬೇಕು. ಕುಸಿದು ನಿಂತ ಹಿಮ ಗಾರೆಯಂತೆ ಬಿಗಿಯುವುದರಿಂದ ಪ್ಲಾಸ್ಟಿಕ್ ಅಲಗು ಮುರಿಯುತ್ತದೆ.

ಹಿಮಕುಸಿತದಲ್ಲಿ ಊದಿಕೊಂಡು ಮೇಲೆ ಉಳಿಯಲು ನೆರವಾಗುವ ಗಾಳಿಚೀಲದ ಬೆನ್ನುಚೀಲವನ್ನು ಇಲ್ಲಿಂದ ಒಯ್ಯುವುದಾದರೆ, ಅದರ ಅನಿಲ ಸಿಲಿಂಡರಿಗೆ ವಿಮಾನ ಸಂಸ್ಥೆಯ ಪೂರ್ವಾನುಮತಿ ಬೇಕು. ಉಪಗ್ರಹ ಸಂದೇಶ ಸಾಧನವನ್ನು ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದನ್ನು ಕೊಂಡು ಇಲ್ಲಿನ ವಿಮಾನ ನಿಲ್ದಾಣದ ಮೂಲಕ ಒಯ್ಯಲು ಹೋಗಬೇಡಿ.

ಬೂಟು ಸ್ವಂತದ್ದಾದರೆ ಉತ್ತಮ. ಬಾಡಿಗೆಯದಾದರೆ ಅಂಗಡಿಯಲ್ಲಿ ಒಂದು ಗಂಟೆ ಅದಕ್ಕೇ ಕೊಡಿ. ಪಾದ ಊದಿಕೊಂಡಿರುವ ಸಂಜೆ ಹೊತ್ತು ಅಳತೆ ಮಾಡಿಸಿ. ಸೆಂಟಿಮೀಟರಿನ ಆ ಉದ್ದವೇ ಬೂಟಿನ ಸಂಖ್ಯೆ. ಒಳಗಿನ ಮೆತ್ತೆ ತೆಗೆದು ಖಾಲಿ ಚಿಪ್ಪಿನಲ್ಲಿ ಕಾಲಿಟ್ಟು ಬೆರಳು ಮುಂದಕ್ಕೆ ತಾಗಿಸಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಉಳಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ ಏರುವಾಗ ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದು ಮೊದಲ ದಿನವೇ ಬೊಬ್ಬೆ ಬರುತ್ತದೆ. ವರ್ಷವಿಡೀ ಚಪ್ಪಲಿ ಹಾಕುವ ನಮ್ಮ ಪಾದ ಮುಂಭಾಗದಲ್ಲಿ ಅಗಲ. ‘ಅಗಲದ ಮಾದರಿ ಕೊಡಿ’ ಎಂದು ಕೇಳಲು ಸಂಕೋಚ ಬೇಡ. ಬೊಬ್ಬೆಯ ಟೇಪನ್ನು ನೋವು ಶುರುವಾಗುವ ಮೊದಲೇ ಅಂಟಿಸಿ.

ಬಟ್ಟೆಯ ವಿಷಯದಲ್ಲಿ ಹತ್ತಿ ಗಿರಣಿಗಳ ಊರಿನವರಿಗೆ ಹೇಳಲು ಕಷ್ಟವೆನಿಸಿದರೂ ಹೇಳಬೇಕು: ಹತ್ತಿ ಬನಿಯನ್, ಹತ್ತಿ ಕಾಲುಚೀಲ ಮನೆಯಲ್ಲೇ ಇರಲಿ. ಹತ್ತಿ ಬೆವರು ಹೀರಿ ಒಣಗದೆ ಮೈಗೆ ಅಂಟುತ್ತದೆ. ಮೇಲೆ ತಲುಪಿ ಗಾಳಿಗೆ ನಿಂತಾಗ ಅದೇ ನಡುಕ ತರುತ್ತದೆ. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಉಡುಪು, ತೆಳು ಫ್ಲೀಸ್, ಗಾಳಿ–ನೀರು ತಡೆವ ಜಾಕೆಟ್, ನಿಂತಾಗ ತೊಡಲು ದಪ್ಪ ಜಾಕೆಟ್, ಎರಡು ಜೊತೆ ಕೈಗವಸು. ಸ್ವಲ್ಪ ಚಳಿಯೆನಿಸುವಾಗಲೇ ಹೊರಡಬೇಕು. ಬೆಚ್ಚಗೆ ಹೊರಟವರು ಹತ್ತು ನಿಮಿಷಕ್ಕೆ ಬೆವರುತ್ತಾರೆ.

ತಿನ್ನಲು ಮಂಡಕ್ಕಿ ಒಯ್ಯಬೇಡಿ, ಜಾಗ ಹೆಚ್ಚು, ಶಕ್ತಿ ಕಡಿಮೆ. ಬೆಲ್ಲದ ಶೇಂಗಾ ಉಂಡೆ, ಖರ್ಜೂರ, ಬಾದಾಮಿ ಒಳ್ಳೆಯವು. ಹಾಲಿನ ಪದಾರ್ಥ, ಮಾಂಸವನ್ನು ಭಾರತದಿಂದ ಸ್ವಿಟ್ಜರ್ಲೆಂಡ್‌ಗೆ ತರುವಂತಿಲ್ಲ, ಹಾಗಾಗಿ ಪೇಡೆಯನ್ನೂ ಬಿಡಬೇಕು. ನೀರಿಗೆ ಥರ್ಮಾಸ್ ಸೇರಿ ಒಂದೂವರೆ ಲೀಟರ್ ಇರಲಿ. ಕೊಳವೆಯಿಂದ ಹೀರಿ ಕುಡಿಯುವ ನೀರಿನ ಚೀಲ ಬೇಡ, ನೀರು ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ.

ಮುನ್ಸೂಚನೆ ಓದಲು ಊರಿನಲ್ಲೇ ಕಲಿಯಿರಿ

ಎಸ್‌ಎಲ್‌ಎಫ್‌ನ ಹಿಮಕುಸಿತ ಪ್ರಕಟಣೆ ಚಳಿಗಾಲದಲ್ಲಿ ದಿನವೂ ಸಂಜೆ 5ಕ್ಕೆ ಬರುತ್ತದೆ, ಬೆಳಿಗ್ಗೆ 8ಕ್ಕೆ ಪರಿಷ್ಕೃತವಾಗುತ್ತದೆ. ಅಲ್ಲಿನ ಸಂಜೆ 5 ಎಂದರೆ ನಮ್ಮಲ್ಲಿ ರಾತ್ರಿ 9.30. ಹೊರಡುವ ಮೂರು ವಾರ ಮೊದಲಿನಿಂದ ಊಟವಾದ ಮೇಲೆ ಅದೇ ಸಂಸ್ಥೆಯ ‘ವೈಟ್ ರಿಸ್ಕ್’ ಆ್ಯಪ್‌ನಲ್ಲಿ ಅದನ್ನು ಓದಿ. ಯಾವ ದಿನ ಹಿಮ ಬಿತ್ತು, ಯಾವ ದಿಕ್ಕಿನಿಂದ ಗಾಳಿ ಬೀಸಿತು, ದುರ್ಬಲ ಪದರದ ಮಾತು ಎಷ್ಟು ದಿನದಿಂದ ಬರುತ್ತಿದೆ ಎಂದು ಬರೆದಿಡಿ. ಡಾವೋಸ್‌ನಲ್ಲಿ ಇಳಿಯುವ ಹೊತ್ತಿಗೆ ಆ ಬೆಟ್ಟದ ಚಳಿಗಾಲದ ಕಥೆ ನಿಮಗೆ ಗೊತ್ತಿರುತ್ತದೆ. ಇಡೀ ತಯಾರಿಯಲ್ಲಿ ಖರ್ಚಿಲ್ಲದ, ಆದರೆ ಅತಿ ಹೆಚ್ಚು ಉಪಯೋಗದ ಕೆಲಸ ಇದು.

ಯುರೋಪಿನ ಅಪಾಯದ ಮಟ್ಟಗಳು ಒಂದರಿಂದ ಐದು. ಮೂರು ನಡುವಿನ ಅಂಕಿಯಾದ್ದರಿಂದ ಸಾಧಾರಣ ಎಂದುಕೊಳ್ಳುವುದು ದೊಡ್ಡ ತಪ್ಪು. ಸ್ವಿಸ್ ಹಿಮಕುಸಿತ ಸಾವುಗಳಲ್ಲಿ ಸುಮಾರು ಅರ್ಧ ಆಗುವುದು ಮೂರನೇ ಮಟ್ಟದ ದಿನಗಳಲ್ಲಿ. ನಾಲ್ಕಿದ್ದಾಗ ಜನ ತಾವೇ ಹೆದರಿ ನಿಲ್ಲುತ್ತಾರೆ, ಮೂರಿದ್ದಾಗ ಬಿಸಿಲು ಕಂಡು ಹೊರಡುತ್ತಾರೆ.

ಅಂಕಿಗಿಂತ ಮುಖ್ಯವಾದದ್ದು ಅದರ ಕೆಳಗಿನ ಬರಹ: ಸಮಸ್ಯೆ ಹೊಸ ಹಿಮದ್ದೋ, ಗಾಳಿ ಒಟ್ಟಿದ ಹಿಮದ್ದೋ, ಹಳೆಯ ದುರ್ಬಲ ಪದರದ್ದೋ, ಒದ್ದೆ ಹಿಮದ್ದೋ, ನೆಲದಿಂದಲೇ ಜಾರುವ ಹಿಮದ್ದೋ, ಎಷ್ಟು ಎತ್ತರದ ಮೇಲೆ, ಯಾವ ದಿಕ್ಕಿನ ಇಳಿಜಾರಿನಲ್ಲಿ. ಹಳೆಯ ದುರ್ಬಲ ಪದರ ಎಲ್ಲಕ್ಕಿಂತ ಮೋಸದ್ದು. ರಾಗಿ ರಾಶಿಯ ಮೇಲೆ ಕಡಪ ಕಲ್ಲು ಇಟ್ಟಂತೆ, ಮೇಲೆ ಗಟ್ಟಿ ಹಲಗೆ, ಕೆಳಗೆ ಅಂಟಿಲ್ಲದ ಕಾಳು. ಮೇಲಿನಿಂದ ನೋಡಿದರೆ ಏನೂ ಕಾಣದು. ಅದರ ಹೆಸರು ಪ್ರಕಟಣೆಯಲ್ಲಿದ್ದರೆ ಆ ದಿಕ್ಕಿನ ಕಡಿದಾದ ಇಳಿಜಾರನ್ನು ಪಟ್ಟಿಯಿಂದ ಹೊಡೆದುಹಾಕಿ.

ಹಲಗೆಯಂತೆ ಕಿತ್ತು ಜಾರುವ ಹಿಮಕುಸಿತಗಳು ಬಹುಪಾಲು 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹುಟ್ಟುತ್ತವೆ. ಸ್ವಿಸ್ ಸರ್ಕಾರದ ನಕ್ಷೆ ಆ್ಯಪ್ ಸ್ವಿಸ್‌ಟೋಪೊದಲ್ಲಿ 30 ದಾಟಿದ ಜಾಗಗಳಿಗೆ ಬಣ್ಣ ತೋರಿಸುವ ಪದರವಿದೆ. ಅದನ್ನು ಆನ್ ಮಾಡಿ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಮೂರನೇ ಮಟ್ಟದ ದಿನ ಬಣ್ಣವಿಲ್ಲದ ದಾರಿಗಳಲ್ಲಿ ಮಾತ್ರ ಹೋಗಿ. ಮೇಲಿನ ಬಣ್ಣದ ಜಾಗ ಜಾರಿದರೆ ಹಿಮ ಬಂದು ಬೀಳುವ ದಾರಿಯೂ ಬೇಡ. ವನ್ಯಜೀವಿಗಳ ಚಳಿಗಾಲದ ವಿಶ್ರಾಂತಿ ವಲಯಗಳೂ ನಕ್ಷೆಯಲ್ಲಿ ಸಿಗುತ್ತವೆ. ಅಲ್ಲಿ ನುಗ್ಗಿದರೆ ದಂಡ ಬೀಳಬಹುದು.

ಸಮಯದ ಲೆಕ್ಕ, ದಿನಗಳ ಹಂಚಿಕೆ

ದಾರಿಯ ಕಿಲೋಮೀಟರ್‌ಗೆ ಏರಿಕೆಯ ನೂರು ಮೀಟರ್‌ಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿ. 5 ಕಿಲೋಮೀಟರ್ ದಾರಿ, 800 ಮೀಟರ್ ಏರಿಕೆಯಾದರೆ 5 ಕೂಡಿಸು 8, ಒಟ್ಟು 13. ನಾಲ್ಕರಿಂದ ಭಾಗಿಸಿದರೆ ಏರಲು ಮೂರೂಕಾಲು ಗಂಟೆ. ಇಳಿಯಲು ಹತ್ತರಿಂದ ಭಾಗಿಸಿದರೆ ಸುಮಾರು ಒಂದೂಕಾಲು ಗಂಟೆ. ಇದಕ್ಕೆ ವಿರಾಮದ ಒಂದು ಗಂಟೆ ಸೇರಿಸಿ, ಮಧ್ಯಾಹ್ನ 1 ಗಂಟೆಗೆ ಕೆಳಗಿರುವಂತೆ ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಿ. ಮಾರ್ಚ್‌ನಲ್ಲಿ ಬಿಸಿಲೇರಿದಂತೆ ಒದ್ದೆ ಹಿಮ ಜಾರತೊಡಗುತ್ತದೆ.

ಮೊದಲ ದಿನ ಲಿಫ್ಟ್ ಇರುವ ಜಾಗದಲ್ಲೇ ಇರಿ: ಬೂಟು–ಬೈಂಡಿಂಗ್ ಹೊಂದಿಸಿಕೊಳ್ಳಲು, ಬೀಕನ್ ಹುಡುಕಾಟವನ್ನು ಎರಡು ಗಂಟೆ ಅಭ್ಯಾಸ ಮಾಡಲು. ಎರಡನೇ ದಿನ 500–600 ಮೀಟರ್ ಏರಿಕೆ. ಉಳಿದ ಮೂರರಲ್ಲಿ ಹವೆ ಒಪ್ಪಿದ ಒಂದೆರಡು ದಿನ ದೊಡ್ಡ ದಾರಿ. ಪ್ರತಿ ದಿನಕ್ಕೂ ಎರಡು ದಾರಿ ಬರೆದಿಟ್ಟಿರಿ, ಒಂದು ಎರಡನೇ ಮಟ್ಟಕ್ಕೆ, ಇನ್ನೊಂದು ಮೂರಕ್ಕೆ. ಕೊನೆಯ ರಾತ್ರಿ ಕಣಿವೆ ಬಿಟ್ಟು ಜ್ಯೂರಿಕ್‌ನಲ್ಲಿ ತಂಗಿ. ಜೋರು ಹಿಮ ಬಿದ್ದರೆ ರಸ್ತೆ, ರೈಲು ನಿಲ್ಲಬಹುದು.

ಬೆಟ್ಟದಲ್ಲಿ ಹೆಚ್ಚಾಗಿ ಕೈಕೊಡುವುದು ಸ್ಕಿನ್ ಪಟ್ಟಿ. ಅಂಟಿಗೆ ಹಿಮದ ಪುಡಿ ಹತ್ತಿದರೆ ಹಿಡಿತ ಹೋಗುತ್ತದೆ. ತೆಗೆದಾಗ ಜಾಕೆಟ್ ಒಳಗಿಡಿ, ಬಿಗಿಯಲು ಎರಡು ರಬ್ಬರ್ ಪಟ್ಟಿ ಜೊತೆಗಿರಲಿ. ಬಿಸಿಲಿನ ಒದ್ದೆ ಹಿಮದಿಂದ ನೆರಳಿನ ಒಣ ಹಿಮಕ್ಕೆ ದಾಟುವಾಗ ಪಟ್ಟಿಯ ಅಡಿಗೆ ಗಡ್ಡೆ ಕಟ್ಟುತ್ತದೆ; ಮೇಣ ಉಜ್ಜಿದರೆ ನಿಲ್ಲುತ್ತದೆ.

ಅವಘಡವಾದರೆ

ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು–ಹದಿನೈದು ನಿಮಿಷದ ನಂತರ ವೇಗವಾಗಿ ಕುಸಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ, ಹುಡುಕಬೇಕಾದವರು ಜೊತೆಗಾರರೇ. ಹೂತವರು ಕೊನೆಗೆ ಕಂಡ ಜಾಗವನ್ನು ಗುರುತಿಟ್ಟು, ಇನ್ನೊಂದು ಕುಸಿತದ ಅಪಾಯ ನೋಡಿಕೊಂಡು, ಎಲ್ಲರೂ ಬೀಕನ್ ಅನ್ನು ಹುಡುಕುವ ಸ್ಥಿತಿಗೆ ತಿರುಗಿಸಬೇಕು. ಫೋನ್ ಬೀಕನ್‌ನಿಂದ 50 ಸೆಂಟಿಮೀಟರ್ ದೂರ ಇರಬೇಕು, ಹತ್ತಿರವಿದ್ದರೆ ಸಂಕೇತ ಕೆಡುತ್ತದೆ. ಸಂಕೇತ ಬಲವಾದಾಗ ಬೀಕನ್ ಅನ್ನು ಹಿಮದ ಮೇಲ್ಮೈಗೆ ತಾಗಿಸಿ, ಅದು ತೋರಿಸುವ ದೂರದ ಅಂಕಿ ಅತಿ ಸಣ್ಣದಾಗುವ ಜಾಗ ಹುಡುಕಿ, ಅಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚಿ. ತಗುಲಿದ ಪ್ರೋಬ್ ತೆಗೆಯಬೇಡಿ. ಅಗೆಯುವುದನ್ನು ಇಳಿಜಾರಿನ ಕೆಳಬದಿಯಿಂದ ಶುರುಮಾಡಿ.

ಜನರಿದ್ದರೆ ಒಬ್ಬರು ಕೂಡಲೇ 1414ಕ್ಕೆ ಕರೆ ಮಾಡಲಿ. ಅದು ಸ್ವಿಸ್ ವಾಯುರಕ್ಷಣಾ ಸಂಸ್ಥೆ ರೇಗಾದ ಸಂಖ್ಯೆ. 112 ಕೂಡ ಕೆಲಸ ಮಾಡುತ್ತದೆ. ಎಲ್ಲಿದ್ದೀರಿ, ಎಷ್ಟು ಜನ ಹೂತಿದ್ದಾರೆ, ಯಾವಾಗ ಆಯಿತು, ಗಾಳಿ ಮತ್ತು ನೋಟ ಹೇಗಿದೆ ಎಂದು ಹೇಳಿ. ಹೆಲಿಕಾಪ್ಟರ್ ಕಂಡಾಗ ಎರಡೂ ಕೈ ಮೇಲೆತ್ತಿ ನಿಂತರೆ ‘ಸಹಾಯ ಬೇಕು’ ಎಂದರ್ಥ. ಒಂದು ಕೈ ಮೇಲೆ, ಒಂದು ಕೆಳಗೆ ಇದ್ದರೆ ‘ಬೇಡ’. ಅದು ಇಳಿಯುವಾಗ ಸ್ಕೀ, ಕಡ್ಡಿ, ಚೀಲ ಯಾವುದೂ ಸಡಿಲವಾಗಿ ಬಿದ್ದಿರಬಾರದು, ಪೈಲಟ್ ಸನ್ನೆ ಮಾಡುವವರೆಗೆ ಯಾರೂ ಹತ್ತಿರ ಹೋಗಬಾರದು.