ಊಟಿಗೆ ಒಬ್ಬನೇ, ಬುಕಿಂಗ್ ಇಲ್ಲದೆ: ಕೊನೆಗೂ ಲೆಕ್ಕ ಕೂಡಿತು

ಊಟಿಗೆ ಒಬ್ಬನೇ, ಪ್ಲ್ಯಾನೇ ಇಲ್ಲದೆ ಹೋಗಿ ಬರಬಹುದು ಅಂದರೆ ನಮ್ಮ ಮೈಸೂರಿನ ಗೆಳೆಯರು ನಗುತ್ತಿದ್ದರು. "ಊಟಿ ಅಂದ್ರೆ ಹನಿಮೂನು, ಇಲ್ಲಾಂದ್ರೆ ಸ್ಕೂಲ್ ಟ್ರಿಪ್ಪು. ಒಬ್ನೇ ಹೋಗಿ ಏನ್ ಮಾಡ್ತೀಯೋ?" ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ. ಮೂರು ರಾತ್ರಿಗೆ ಬಸ್ಸು, ರೂಮು, ಊಟ, ಓಡಾಟ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಸೀಸನ್‌ನಲ್ಲಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳ ಫ್ಲವರ್ ಶೋ ಹೊತ್ತಿಗೆ ಅದೇ ರೂಮಿಗೆ ಮೂರು ಪಟ್ಟು ಕೇಳುತ್ತಾರೆ.

ನಿಜವಾದ ತಲೆನೋವು ದುಡ್ಡಲ್ಲ, ರೂಮು. ಒಬ್ಬನೇ ಗಂಡಸು ಬ್ಯಾಗ್ ಹಾಕಿಕೊಂಡು ಹೋದರೆ ಲಾಡ್ಜ್‌ನವರು ಕೊಡುವುದಿಲ್ಲ. ಈ ಕಥೆ ನಿಮಗೂ ಗೊತ್ತಿರುತ್ತೆ.

"ಎಷ್ಟು ಜನ ಸಾರ್?"

"ಒಬ್ಬನೇ."

"ರೂಮ್ ಇಲ್ಲ ಸಾರ್."

ಹಿಂದೆ ಗೋಡೆ ತುಂಬ ಕೀ ನೇತಾಡುತ್ತಿರುತ್ತವೆ. ಒಂಟಿಯಾಗಿ ಬಂದವನು ರೂಮಿನಲ್ಲಿ ಏನಾದರೂ ಮಾಡಿಕೊಂಡರೆ ಪೊಲೀಸು, ಸ್ಟೇಷನ್ನು ಅಂತ ಅವರಿಗೆ ಭಯ. ಮೊದಮೊದಲು ನಾನು ಸಂಜೆ ಆರಕ್ಕೆ ಇಳಿಯುತ್ತಿದ್ದೆ. ಚಳಿ, ಕತ್ತಲು, ಆಟೋದವನ ಕಮಿಷನ್ನು. ಒಮ್ಮೆ ಎರಡು ಸಾವಿರದ ಮೇಲೆ ಕೊಟ್ಟು, ಬಿಸಿನೀರು ಬಾರದ ಕೋಣೆಯಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಮಲಗಿದ್ದೇನೆ. ಇನ್ನೊಮ್ಮೆ ಆ್ಯಪ್‌ನಲ್ಲಿ ಅಡ್ವಾನ್ಸ್ ಕಟ್ಟಿದೆ. ಅಲ್ಲಿ ಹೋದ ಮೇಲೆ "ಸಿಂಗಲ್ ಅಲೋ ಇಲ್ಲ" ಅಂದರು. ಆ ಆರುನೂರು ಚಿಲ್ಲರೆ ವಾಪಸ್ ಬರಲೇ ಇಲ್ಲ.

ಈಗ ಮಾಡುವುದು ಬೇರೆ. ಭಾನುವಾರ ಬೆಳಗ್ಗೆ ಮೈಸೂರು ಬಿಡುತ್ತೇನೆ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಐದು ಗಂಟೆ ದಾರಿ. ಎದುರುಗಡೆ ಬೆಂಗಳೂರು ಕಾರುಗಳ ಸಾಲು, ನಮ್ಮ ಕಡೆ ರಸ್ತೆ ಖಾಲಿ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕುತ್ತಾರಲ್ಲ, ಅದಕ್ಕೆ ಮುಂಚೆ ದಾಟಬೇಕು ಅಂತ ಅವರೆಲ್ಲ ಓಡುತ್ತಿರುತ್ತಾರೆ. ಊಟಿಗೆ ಬರುವ ಗಾಡಿಗಳು ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಬೇಕಾದ ಇ-ಪಾಸ್ 2024ರ ಮೇ 7ರಿಂದ ಶುರುವಾಯ್ತಲ್ಲ, ಆ ಕಾಟವೂ ಸರ್ಕಾರಿ ಬಸ್ಸಿನವರಿಗಿಲ್ಲ. ಕಾರಿನವರು ಯಾವತ್ತು ಹೋಗ್ತೀವಿ, ಯಾವತ್ತು ಬರ್ತೀವಿ ಅಂತ ಬರೆದುಕೊಡಬೇಕು. ನಾವು ಸುಮ್ನೆ ಬಸ್ ಹತ್ತಿದರಾಯ್ತು. ಪ್ಲ್ಯಾನ್ ಇಲ್ಲದವನಿಗೆ ಇದಕ್ಕಿಂತ ಬೇಕಾ?

ಮಧ್ಯಾಹ್ನ ಒಂದರ ಹೊತ್ತಿಗೆ ಇಳಿದರೆ ವೀಕೆಂಡ್ ಜನ ಖಾಲಿ ಮಾಡಿರುತ್ತಾರೆ. ನಾನು ಲಾಡ್ಜ್‌ಗೆ ನೇರ ಹೋಗುವುದಿಲ್ಲ. ಮಾರ್ಕೆಟ್ ಹತ್ತಿರ ಒಂದು ಚಹಾ ಅಂಗಡಿಯಲ್ಲಿ ವರ್ಕಿ (ಊಟಿಯ ಗರಿಗರಿ ಬಿಸ್ಕತ್ತು), ಚಹಾ ತಗೊಂಡು ಕೂರುತ್ತೇನೆ. ಅರ್ಧ ಗಂಟೆ ಮಾತಾಡಿದ ಮೇಲೆ ಅಂಗಡಿಯವರನ್ನೇ ಕೇಳುತ್ತೇನೆ, "ಅಣ್ಣಾ, ನಿಮಗೆ ಗೊತ್ತಿರೋ ಕಡೆ ಒಂದು ರೂಮ್ ಹೇಳಿ." ಅವರು ಫೋನ್ ಮಾಡಿದರೆ ಸಿಂಗಲ್ಲಾ, ಡಬಲ್ಲಾ ಅನ್ನುವ ಪ್ರಶ್ನೆಯೇ ಇಲ್ಲ, ಏಳುನೂರೈವತ್ತು ಎಂಟುನೂರಕ್ಕೆ ಕೀ ಕೈಗೆ ಬರುತ್ತದೆ. ಕೌಂಟರ್‌ನಲ್ಲಿ ಆಧಾರ್ ಜೊತೆಗೆ ನಾನು ಇನ್ನೂ ಒಂದು ಕಾಗದ ಇಡುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಇಟ್ಟರೆ ನನಗೆ ರೂಮ್ ಸಿಗಬೇಕಲ್ಲ.

ಆಮೇಲೆ ನನ್ನ ವಿಧಾನ: ಕೊನೆ ಸ್ಟಾಪ್. ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಹೊರಡಲು ರೆಡಿ ಇರುವ ಯಾವುದಾದರೂ ಲೋಕಲ್ ಬಸ್ ಹತ್ತಿ, ಕೊನೆ ಸ್ಟಾಪ್‌ಗೆ ಟಿಕೆಟ್ ತಗೊಳ್ಳುವುದು. ಮಂಜೂರು, ಕೋತಗಿರಿ, ಎಮರಾಲ್ಡ್, ಯಾವುದಾದರೂ ಸರಿ. ಇಪ್ಪತ್ತೋ ಮೂವತ್ತೋ ರೂಪಾಯಿ. ಎಮರಾಲ್ಡ್ ಕಡೆ ಹೋದರೆ ಮುತ್ತೊರೈ ಪಾಲಡದಲ್ಲಿ ಕ್ಯಾರೆಟ್ ತೊಳೆಯುವುದು ಕಾಣುತ್ತದೆ. ರಾಶಿ ರಾಶಿ ಕಿತ್ತಳೆ ಬಣ್ಣ. ದುಡ್ಡು ಕೊಟ್ಟು ನೋಡುವ ಯಾವ ವ್ಯೂ ಪಾಯಿಂಟೂ ಅದರ ಮುಂದೆ ಇಲ್ಲ, ದೊಡ್ಡಬೆಟ್ಟವೂ ಸೇರಿ. 2,637 ಮೀಟರ್ ಎತ್ತರ ಹತ್ತಿ ಮಂಜು ನೋಡಿ ಬರುವುದಕ್ಕೆ ಅಷ್ಟು ನೂಕುನುಗ್ಗಲು ಯಾಕೋ.

ಹತ್ತುವ ಮೊದಲು ಕಂಡಕ್ಟರ್‌ನನ್ನು ಒಂದು ಮಾತು ಕೇಳಿ: ವಾಪಸ್ ಯಾವಾಗ? ಸಂಜೆ ಹೊರಡುವ ಕೆಲವು ಬಸ್ಸು ಹಳ್ಳಿಯಲ್ಲೇ ನೈಟ್ ಹಾಲ್ಟ್. ಅಂಥದ್ದೊಂದರಲ್ಲಿ ಹೋಗಿ ಸಿಕ್ಕಿಬಿದ್ದು, ತರಕಾರಿ ಜೀಪಿನ ಡ್ರೈವರ್‌ಗೆ ಮುನ್ನೂರು ಕೊಟ್ಟು ವಾಪಸ್ ಬಂದಿದ್ದೇನೆ. ಕತ್ತಲಾದ ಮೇಲೆ ನಡೆದು ಬರುವ ಮಾತೇ ಬೇಡ. ಟೀ ತೋಟದಲ್ಲಿ ಕಾಟಿಗಳು (ಕಾಡುಕೋಣಗಳು) ರಸ್ತೆಗೇ ಬಂದು ನಿಲ್ಲುತ್ತವೆ.

ಭಾಷೆಯ ಚಿಂತೆ ಬೇಡ. ಹಟ್ಟಿಗಳಲ್ಲಿ, ಅಂದರೆ ಇಲ್ಲಿನ ಹಳ್ಳಿಗಳಲ್ಲಿ, ನೀಲಗಿರಿಯ ಬಡಗ ಸಮುದಾಯದವರು ಅವರಲ್ಲೇ ಮಾತಾಡಿಕೊಳ್ಳುವುದು ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ. ನಾವು ನಿಧಾನಕ್ಕೆ ಕನ್ನಡ ಮಾತಾಡಿದರೆ ಅವರಿಗೂ ಗೊತ್ತಾಗುತ್ತದೆ. ಒಂದು ಹಟ್ಟಿಯಲ್ಲಿ ಒಬ್ಬರು ಅಜ್ಜಿ ಮನೆಗೆ ಕರೆದು ಕಾಫಿ ಕೊಟ್ಟು, ನನಗೆ ಮದುವೆ ಆಗಿದೆಯಾ ಅಂತ ವಿಚಾರಿಸಿದ್ದರು. ಟ್ಯಾಕ್ಸಿ ಪ್ಯಾಕೇಜಿನಲ್ಲಿ ಇದು ಸಿಗುತ್ತಾ?

ಬೆಟ್ಟದ ರೈಲು ತಪ್ಪಿಸಿಕೊಳ್ಳಬೇಡಿ. ಬೆಟ್ಟದ ಬುಡದ ಮೇಟುಪಾಳ್ಯಂನಿಂದ ಬರುವ ರೈಲಿನ ರಿಸರ್ವೇಶನ್ ನಮ್ಮಂಥವರಿಗಲ್ಲ, ಅದು ತಿಂಗಳುಗಟ್ಟಲೆ ಮುಂಚೆಯೇ ತುಂಬಿರುತ್ತದೆ. ಊಟಿಯಿಂದ ಕೂನೂರಿಗೆ ರಿಸರ್ವೇಶನ್ ಇಲ್ಲದ ಡಬ್ಬಿ ಇದೆ, ಮುಂಚೆ ಹೋಗಿ ಕ್ಯೂ ನಿಂತರೆ ಸಿಗುತ್ತದೆ. ಹತ್ತೊಂಬತ್ತು ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ. ಲವ್‌ಡೇಲ್, ಕೇತಿ, ಅರವಂಕಾಡು, ವೆಲ್ಲಿಂಗ್ಟನ್. ಇಳಿಯುವಾಗ ರೈಲು, ಹತ್ತುವಾಗ ಬಸ್. ಹಬೆ ಎಂಜಿನ್ ನೋಡಬೇಕು ಅನ್ನುವವರು ಮಾತ್ರ ಕೂನೂರಿನಲ್ಲಿ ಕಾಯಿರಿ. ಕಡಿದಾದ ದಾರಿಯಲ್ಲಿ ರೈಲು ಜಾರದಂತೆ ಹಿಡಿಯುವ ಹಲ್ಲುಕಂಬಿಯ ಹಳಿ ಇರುವುದು ಅಲ್ಲಿಂದ ಕೆಳಗೆ, ಕಲ್ಲಾರ್‌ವರೆಗೆ.

ಊಟಿಯೊಳಗೆ ನಾನು ತಪ್ಪದೆ ಹೋಗುವುದು ಸೇಂಟ್ ಸ್ಟೀಫನ್ಸ್ ಚರ್ಚ್‌ಗೆ. 1830ರ ಸುಮಾರಿಗೆ ಕಟ್ಟಿದಾಗ ತೊಲೆಗಳನ್ನು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಕಿತ್ತು ತಂದರಂತೆ. ನಮ್ಮೂರಿನ ಪಕ್ಕದ ಮರ, ಬೆಟ್ಟದ ಮೇಲೆ ಮಾಡು ಹೊತ್ತು ಕೂತಿದೆ. ಟಿಕೆಟ್ಟೂ ಇಲ್ಲ.

ಇದನ್ನೇ ಮಡಿಕೇರಿಯಲ್ಲಿ ಮಾಡಿ ನೋಡಿದೆ, ಆಗಲಿಲ್ಲ. ಅಲ್ಲಿ ಹೋಮ್‌ಸ್ಟೇಗಳು ತೋಟದೊಳಗೆ, ಬಸ್ ಹೋಗದ ಕಡೆ. ಆಟೋಗೇ ಸಾವಿರ ಹೋಯಿತು. ಅಡುಗೆಯ ಪ್ರಯೋಗವೂ ಒಂದು ಆಯ್ತು: ಪುಟ್ಟ ಎಲೆಕ್ಟ್ರಿಕ್ ಕೆಟಲ್ ಒಯ್ದು ರೂಮಿನಲ್ಲಿ ಕ್ಯಾರೆಟ್ ಬೇಯಿಸಿದೆ. ಫ್ಯೂಸ್ ಹೋಗಿ ಇಡೀ ಮಹಡಿ ಕತ್ತಲು. ಈಗ ಸ್ಟೀಲ್ ಫ್ಲಾಸ್ಕ್ ಅಷ್ಟೇ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಹೇಗೂ ನಿಷೇಧ, ಚಹಾ ಅಂಗಡಿಯಲ್ಲಿ ಬಿಸಿನೀರು ತುಂಬಿಕೊಡುತ್ತಾರೆ. ಸ್ವೆಟರ್ ಮನೆಯಿಂದ ಹೊತ್ತುಕೊಂಡು ಹೋಗಬೇಡಿ. ಬೊಟಾನಿಕಲ್ ಗಾರ್ಡನ್ ಹತ್ತಿರದ ಟಿಬೆಟನ್ ಮಾರ್ಕೆಟ್‌ನಲ್ಲಿ ಕೇಳಿದ್ದರ ಮುಕ್ಕಾಲಿಗೆ ಇಳಿಯುತ್ತಾರೆ.

ಯಾವಾಗ ಹೋಗಬೇಕು ಅಂದರೆ, ನನ್ನ ಆಯ್ಕೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಜುಲೈ, ಆಗಸ್ಟ್‌ನಲ್ಲಿ ಎಮರಾಲ್ಡ್ ಕಡೆಯ ಕೊನೆ ಸ್ಟಾಪ್ ಆಟ ಬೇಡ. 2019ರ ಆಗಸ್ಟ್‌ನಲ್ಲಿ ಅದರಾಚೆ ಅವಲಾಂಚಿಯಲ್ಲಿ ಒಂದೇ ದಿನ 820 ಮಿ.ಮೀ. ಮಳೆ ಬಿದ್ದಿತ್ತು. ಆಗ ಹೋಗಲೇಬೇಕು ಅಂದರೆ ಕೋತಗಿರಿ ಬಸ್ ಹತ್ತಿ. ಆ ಕಡೆ ಮಳೆ ಜೋರಾಗುವುದು ಅಕ್ಟೋಬರ್, ನವೆಂಬರ್‌ನಲ್ಲಿ.