ಎರಿಕ್ ಕಾರ್ಲ್ ಅವರಿಗೆ ಬಣ್ಣದ ಕಾಗದದಲ್ಲಿ ಗೌರವ: ನನ್ನ ಅನುಭವ

ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳ ಲೇಖಕ, ಚಿತ್ರಕಾರ ಎರಿಕ್ ಕಾರ್ಲ್ 2021ರ ಮೇ 23ರಂದು ತೀರಿಕೊಂಡ ಮೇಲೆ, ಮ್ಯಾಸಚೂಸೆಟ್ಸ್‌ನಲ್ಲಿ ನಾನು ಭಾನುವಾರಗಳಂದು ನಡೆಸುವ ಕನ್ನಡ ತರಗತಿಯಲ್ಲಿ ಅವರ ನೆನಪಿಗೆ ಏನಾದರೂ ಮಾಡಬೇಕೆಂಬ ಮಾತು ಪೋಷಕರಿಂದಲೇ ಬಂತು. ಹಣ್ಣುಹಂಪಲು ತಿನ್ನುತ್ತಾ ಹೋಗುವ ಹಸಿದ ಕಂಬಳಿಹುಳುವಿನ ಅವರ ಕಥೆಯನ್ನು (The Very Hungry Caterpillar) ಇಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿರುತ್ತಾರೆ. ವಾರದ ದಿನಗಳನ್ನೂ ಹಣ್ಣುಗಳ ಹೆಸರನ್ನೂ ಕನ್ನಡದಲ್ಲಿ ಕಲಿಸಲು ನಾನೂ ಅದನ್ನೇ ನೆಚ್ಚಿಕೊಂಡಿದ್ದೆ. ಎಲ್ಲರಿಂದಲೂ ಹುಳುವಿನ ಚಿತ್ರ ಬರೆಸಿ ಗೋಡೆಗೆ ಅಂಟಿಸೋಣ ಎಂದು ಕೆಲವರು ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಚಿತ್ರಕಾರರೊಬ್ಬರ ಚಿತ್ರವನ್ನು ನಕಲು ಮಾಡಿಸುವುದಕ್ಕಿಂತ ಅವರು ಕೆಲಸ ಮಾಡುತ್ತಿದ್ದ ಕ್ರಮವನ್ನು ಮಕ್ಕಳ ಕೈಗೆ ದಾಟಿಸುವುದೇ ಅವರಿಗೆ ಸಲ್ಲಿಸುವ ದೊಡ್ಡ ಗೌರವವೆಂದು ನಾನು ನಂಬಿದ್ದೇನೆ.

ಕಾರ್ಲ್ ತಮ್ಮ ಕಾಗದವನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ತೆಳು ಟಿಶ್ಯೂ ಹಾಳೆಗೆ ಅಕ್ರಿಲಿಕ್ ಬಣ್ಣ ಬಳಿದು, ಕುಂಚ, ಬೆರಳು, ಸ್ಪಂಜು, ಹಳೆಯ ಕಾರ್ಪೆಟ್ಟಿನ ತುಂಡುಗಳಿಂದ ಗೆರೆ ಚುಕ್ಕೆಗಳನ್ನು ಮೂಡಿಸಿ, ಒಣಗಿದ ಹಾಳೆಗಳನ್ನು ಬಣ್ಣಕ್ಕೆ ತಕ್ಕಂತೆ ಡ್ರಾಯರುಗಳಲ್ಲಿ ವಿಂಗಡಿಸಿಡುತ್ತಿದ್ದರು. ಚಿತ್ರಕ್ಕೆ ಬೇಕಾದ ಆಕಾರಗಳನ್ನು ಅವುಗಳಿಂದ ಕತ್ತರಿಸಿ ರಟ್ಟಿನ ಮೇಲೆ ಅಂಟಿಸುತ್ತಿದ್ದರು. ಹಾಗಾಗಿ ಮೊದಲ ತರಗತಿಯನ್ನು ಕಾಗದ ತಯಾರಿಗೇ ಮೀಸಲಿಟ್ಟೆ. “ಆಂಟಿ, ಇದು ಏನಾಗುತ್ತೆ?” ಎಂದು ಒಬ್ಬ ಹುಡುಗ ಕೇಳಿದ. “ಈಗ ಬರೀ ಕಾಗದ ಮಾಡೋಣ ಪುಟ್ಟ, ಏನಾಗಬೇಕು ಅಂತ ಆಮೇಲೆ ನೀನೇ ಹೇಳು” ಎಂದೆ.

ಒದ್ದೆಯಾದ ಟಿಶ್ಯೂ ಎತ್ತಿದರೆ ಹರಿಯುತ್ತದೆ. ಆದ್ದರಿಂದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೊದಲ ಬಣ್ಣ ಪೂರ್ತಿ ಒಣಗಿದ ಮೇಲೆಯೇ ಎರಡನೆಯದನ್ನು ಹಚ್ಚಿಸಿದೆ. ಹಳದಿಯ ಮೇಲೆ ಹಸಿರು ಬಳಿದು, ಅದು ಹಸಿಯಾಗಿರುವಾಗಲೇ ಬಾಚಣಿಗೆ ಎಳೆದರೆ ಹಲ್ಲುಗಳ ಹಾದಿಯಲ್ಲಿ ಹಳದಿ ಮತ್ತೆ ಇಣುಕುತ್ತದೆ; ಹುಲ್ಲು, ಗರಿ, ತುಪ್ಪಳ ಯಾವುದಕ್ಕೂ ಆ ಹಾಳೆ ಒದಗುತ್ತದೆ. ಇದೇ ರಾಜ್ಯದ ಆಮ್ಹರ್ಸ್ಟ್‌ನಲ್ಲಿ ಕಾರ್ಲ್ ದಂಪತಿಗಳು ಸ್ಥಾಪಿಸಿದ, 2002ರಲ್ಲಿ ತೆರೆದ ಚಿತ್ರಪುಸ್ತಕ ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ದಾಗ, ಕಾಗದದ ಮೇಲೆ ಕಾಗದ ಕುಳಿತ ಅಂಚುಗಳನ್ನು ಅವರೇ ಗುರುತಿಸಿ ತೋರಿಸಿದರು.

ದೊಡ್ಡ ಮಕ್ಕಳಿಗೆ ಅವರ ಬಾಲ್ಯವನ್ನೂ ಹೇಳಿದೆ. 1929ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಹುಟ್ಟಿದ ಅವರನ್ನು ತಂದೆತಾಯಿ ಆರನೆಯ ವಯಸ್ಸಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕರೆದೊಯ್ದರು. ನಾಜಿ ಸರ್ಕಾರ ನಿಷೇಧಿಸಿದ್ದ ಆಧುನಿಕ ಚಿತ್ರಗಳನ್ನು ಫ್ರಿಟ್ಸ್ ಕ್ರಾಸ್ ಎಂಬ ಚಿತ್ರಕಲಾ ಶಿಕ್ಷಕರು ಗುಟ್ಟಾಗಿ ಅವರಿಗೆ ತೋರಿಸಿದ್ದರು. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯ ನಡುವೆ ಬೆಳೆಯುವ ನಮ್ಮ ಮಕ್ಕಳು ಈ ಭಾಗವನ್ನು ಕದಲದೆ ಕೇಳಿದರು.

ಕೊನೆಗೆ ಪ್ರತಿಯೊಬ್ಬರೂ ತಮ್ಮದೇ ಪ್ರಾಣಿಯ ಪುಟ್ಟ ಪುಸ್ತಕ ಮಾಡಿದರು. 1969ರ ಕಂಬಳಿಹುಳುವಿನ ಪುಸ್ತಕದಲ್ಲಿ ಹುಳು ತಿಂದ ಗುರುತಾಗಿ ಹಾಳೆಗಳಲ್ಲೇ ಕೊರೆದ ತೂತುಗಳಿವೆ; ಅವನ್ನು ಅಮೆರಿಕದಲ್ಲಿ ಕೈಗೆಟುಕುವ ಖರ್ಚಿನಲ್ಲಿ ಮಾಡಿಸಲಾಗದೆ, ಸಂಪಾದಕಿ ಆನ್ ಬೆನೆಡ್ಯೂಸ್ ಜಪಾನಿನಲ್ಲಿ ಮುದ್ರಕರನ್ನು ಹುಡುಕಿದ್ದರು. ತೂತು ಎಷ್ಟು ಕಷ್ಟದ ಕೆಲಸವೆಂಬುದು ಮಕ್ಕಳಿಗೂ ತಿಳಿಯಿತು: ಒಬ್ಬ ಹುಡುಗಿ ಮಾವಿನಹಣ್ಣಿಗೆ ಕೊರೆದ ತೂತು ಹಾಳೆಯ ಹಿಂಬದಿಯಲ್ಲಿದ್ದ ಆನೆಯ ಹೊಟ್ಟೆಯನ್ನು ಸೀಳಿತ್ತು. ಅವಳು ಆನೆಯನ್ನು ಬಿಡಿಸಿ ತೆಗೆದು ಪಕ್ಕಕ್ಕೆ ಅಂಟಿಸಿದಳು. ತೂತಿನ ಸುತ್ತ ಕಂದು ಕಾಗದ ಹಚ್ಚಿ ಅದನ್ನು ಮರದ ಪೊಟರೆ ಮಾಡಿದಳು.